ಹಂಡೆ ಮೇಲಿಟ್ಟ ಹೆಡ್‌ಲೈಟು

...ಬೇಡ, ಕಣ್ಣು ಮುಚ್ಕೊಂಡೇ ಇರಿ ಅಪ್ಪಾಜಿ. ಸಿಸ್ಟರ್ ಹೇಳಿದ್ದು ಕೇಳಿಸ್ಲಿಲ್ವಾ? ಇನ್ನೊಂದ್ ಸಲ ಡ್ರಾಪ್ಸ್ ಹಾಕಿ, ಆಮೇಲೆ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಹಣೆನೂ ಉಜ್ಜಬೇಡಿ, ಬಲಗಣ್ಣಿನ ಮೇಲೆ ಪೆನ್ನಲ್ಲಿ ಗುರುತು ಹಾಕಿದಾರೆ. ವಿಭೂತಿ ಹೋಯ್ತು... ಹೋಗ್ಲಿ ಬಿಡಿ, ಮನೇಲಿ ಹಚ್ಕೊಂಡ್ರಾಯ್ತು.

ಒಂದ್ ಮಾತು ಕೇಳ್ಲಾ? ಅಷ್ಟು ಅವಸರ ಏನಿತ್ತು ನಿಮಗೆ? ಡಾಕ್ಟರೇ ಹೇಳಿದ್ರಲ್ಲ, ಪೊರೆ ಈಗಿನ್ನೂ ಶುರು, ವರ್ಷ ಎರಡು ವರ್ಷ ಏನೂ ಆಗಲ್ಲ, ಕತ್ತಲಲ್ಲಿ ಗಾಡಿ ಓಡಿಸೋಕೆ ತೊಂದರೆ ಆಗ್ತಿದ್ರೆ ಮಾತ್ರ ಈಗ ಮಾಡೋಣ ಅಂತ. ನೀವು ಹಿಂದೆಮುಂದೆ ನೋಡ್ದೆ "ಆಗ್ತಿದೆ, ಮಾಡ್ಬಿಡಿ" ಅಂದ್ರಿ. ನಾನಲ್ಲೇ ನಿಂತಿದ್ದೆ. ನನ್ನ ಕಡೆ ಒಂದ್ ಸಲ ತಿರುಗಿ ನೋಡ್ಬಾರ್ದಿತ್ತಾ... ನೋಡಿದ್ರೆ ನಾನು ಏನಾದ್ರೂ... ಗೊತ್ತಿಲ್ಲ. ಏನಾದ್ರೂ ಹೇಳ್ತಿದ್ನೇನೋ.

ಕಾರು ಜಲ್ಲಿ ರಾಶಿಗೆ ಗುದ್ದಿದ್ದಕ್ಕೆ ಯಾರಾದ್ರೂ ಕಣ್ಣು ಕುಯ್ಸಿಕೊಳ್ತಾರಾ? ಹೇರೋಹಳ್ಳಿ ರೋಡು ಅದು. ಒಂದ್ ಬೀದಿದೀಪ ಇಲ್ಲ. ಯಾರೋ ಮನೆ ಕಟ್ತಾರೆ, ಅರ್ಧ ರಸ್ತೆಗೆ ಜಲ್ಲಿ ಸುರೀತಾರೆ. ಗೃಹಪ್ರವೇಶ ಅಂತ ಗುರುದೇವಿ ಅತ್ತೆ ಕರೆದ್ರು, ನೀವಿಬ್ರೂ ಹೋದ್ರಿ, ಬರೋವಾಗ ಕತ್ತಲಾಯ್ತು. ಯಾರು ಓಡಿಸಿದ್ರೂ ಹಾಗೇ ಆಗ್ತಿತ್ತು. ಅಮ್ಮನ ಕೈ ಮುರಿದಿದ್ದು... ಅದು ಗ್ರಹಚಾರ. ಅಮ್ಮನೂ ಅಷ್ಟೇ, ಬಂದೋರಿಗೆಲ್ಲ ಬ್ಯಾಂಡೇಜ್ ತೋರ್ಸಿ "ಇವರಿಗೆ ಕಣ್ಣು ಕಾಣಲ್ಲ, ಹೇಳಿದ್ರೆ ಒಪ್ಪಲ್ಲ" ಅಂತಾರೆ. ನೀವು ಕೂತಲ್ಲೇ ತಲೆ ತಗ್ಗಿಸ್ತೀರಿ. ನನಗೆ ನೋಡಕ್ಕಾಗಲ್ಲ ಅದು. ಕಾರ್ ಕೀ ತೆಗೆದು ದೇವರ ಮನೇಲಿ ಇಟ್ಬಿಟ್ರಿ. ಸಂಜೆ ಪಾರ್ಕಿಗೆ ಹೋಗೋದು ಬಿಟ್ರಿ. ಮೊನ್ನೆ ಮೆಟ್ಟಿಲಿಳಿಯೋವಾಗ ಗೋಡೆ ಹಿಡ್ಕೊಂಡ್ರಿ, ಅಷ್ಟು ಬೆಳಕಿತ್ತು, ಹಿಡ್ಕೊಳ್ಳೋ ಅಗತ್ಯನೇ ಇರ್ಲಿಲ್ಲ. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಸುಮ್ನೆ ನಿಂತಿದ್ದೆ.

ನೀರು ಬೇಕಾ? ಬೇಡ್ವಾ. ಸರಿ.

ಆ ಶ್ರೀಶೈಲ ಇದಾನಲ್ಲ, ಮೇಲಿನ ಮನೆಯವನು... ಎಲ್ಲರ ಮುಂದೆ ಕೇಳ್ತಾನೆ, "ಶಿವಕಿರಣ್, ನೀನು ಹೆಡ್‌ಲೈಟೊಳಗೆ ಕಪ್ಪು ಬಣ್ಣ ಹೊಡೆದ್ಯಲ್ಲ, ಅದ್ರಿಂದ ಆಯ್ತೇನೋ" ಅಂತ. ನಾನು ಸರಿಯಾಗಿ ಕೊಟ್ಟೆ. ಊರಲ್ಲಿ ಅರ್ಧ ಹುಡುಗರ ಕಾರು ಹಾಗೇ ಇದೆ, ಅವರೆಲ್ಲ ಜಲ್ಲಿಗೆ ಗುದ್ತಾರಾ ಅಂದೆ. ಎದ್ದು ಮೇಲೆ ಹೋದ.

ಏನು? ನಗ್ತಿದೀರಾ? ಯಾಕೆ ನಗ್ತೀರಾ? ಹಂಡೆ ನೆನಪಾಯ್ತಾ?

ನಗಿ, ನಗಿ. ಎಷ್ಟು ದಿನ ಆಯ್ತು ನೀವು ನಕ್ಕು. ಲೈಟಿನ ಒಳಗೆ ಕಪ್ಪು ಬಣ್ಣ ಹೊಡೆಯೋದು ಹೇಗೆ ಅಂತ ವಿಜಯನಗರದ ಸೈಬರ್ ಸೆಂಟರಲ್ಲಿ ಪ್ರಿಂಟ್ ತೆಗೆಸ್ಕೊಂಡು ಬಂದಿದ್ದೆ. ಹೆಡ್‌ಲೈಟ್ ಬಿಚ್ಚಿ ಓವನ್ನಲ್ಲಿ ಇಡಿ, ಗಮ್ ಕರಗುತ್ತೆ, ಗಾಜು ಬಿಟ್ಕೊಳ್ಳುತ್ತೆ ಅಂತ ಇತ್ತು. ನಮ್ಮನೇಲಿ ಓವನ್ ಎಲ್ಲಿಂದ ಬರ್ಬೇಕು? ಬಚ್ಚಲ ಹಂಡೆ ಮೇಲೆ ಕಡುಬು ಬೇಯಿಸೋ ಥರ ಹಬೆಗಿಟ್ಟೆ. ಅಮ್ಮ ಸ್ನಾನಕ್ಕೆ ಅಂತ ಬಂದು ಮುಚ್ಚಳ ತೆಗೆದ್ರೆ ಒಳಗೆ ಕಾರಿನ ಕಣ್ಣು. "ಏನೋ ಇದು, ಇದನ್ನ ತಿಂತೀರೇನೋ" ಅಂದ್ರಲ್ಲ. ನೀವೇ ಸ್ಕ್ರೂಡ್ರೈವರ್ ಹಾಕಿ ಮೀಟಿ ಕೊಟ್ರಿ, "ನಿಧಾನ ಕಣೋ, ಗಾಜು" ಅಂತ. ಹಳೇ ಝೆನ್ ಕಾರು, ಆದ್ರೆ ಮುಗಿದ್ಮೇಲೆ ಹೇಗೆ ಕಾಣ್ತಿತ್ತು ಹೇಳಿ. ಕಾಡಿಗೆ ಹಚ್ಚಿದ ಹಾಗೆ. ನೀವೇ ಬಾನೆಟ್ಟಿಗೆ ವಿಭೂತಿ ಹಚ್ಚಿದ್ರಿ. ಮನೆಗೆ ಬಂದೋರನ್ನೆಲ್ಲ ಗೇಟಿನ ಹತ್ರ ಕರ್ಕೊಂಡು ಹೋಗಿ "ನನ್ನ ಮಗನ ಕೆಲಸ" ಅಂತ ತೋರಿಸ್ತಿದ್ರಿ.

ಮತ್ಯಾಕೆ ಮುಖ ಆ ಕಡೆ ತಿರುಗಿಸಿದ್ರಿ?

ನೋಡಿ, ನಿಮ್ಮ ಹತ್ರ ಮುಚ್ಚಿಡೋದೇನಿದೆ. ಪ್ರಿಂಟಲ್ಲಿ ಒಂದು ಮಾತು ದಪ್ಪಕ್ಷರದಲ್ಲಿತ್ತು. ಸುತ್ತ ಇರೋ ಪ್ಲಾಸ್ಟಿಕ್ಕಿಗೆ ಮಾತ್ರ ಬಣ್ಣ ಹೊಡೀಬೇಕು, ನಡುವೆ ಬೆಳ್ಳಿ ಬಟ್ಟಲಿದ್ಯಲ್ಲ, ಅದಕ್ಕೆ ಪೇಪರ್ ಕಟ್ಟಿ ಮರೆ ಮಾಡ್ಬೇಕು. ಬೆಳಕನ್ನ ರಸ್ತೆಗೆ ಎಸೆಯೋದೇ ಆ ಬಟ್ಟಲು. ನಾನು ಪೇಪರ್ ಕಟ್ಟಿದೆ. ಹಬೆಗಿಟ್ಟಿದ್ದಲ್ವಾ, ಒಳಗೆ ಒದ್ದೆ ಇತ್ತು, ಪೇಪರ್ ಜಾರ್ತು. ಸ್ಪ್ರೇ ಒಂಚೂರು ಒಳಗೆ ಬಿತ್ತು. ಒಂಚೂರು... ಅರ್ಧ ಬಟ್ಟಲು ಅಂತಿಟ್ಕೊಳ್ಳಿ. ಒರೆಸೋಕೆ ಹೋದೆ, ಬಣ್ಣದ ಜೊತೆ ಬೆಳ್ಳಿನೂ ಕಿತ್ಕೊಂಡು ಬಂತು. ಎರಡರಲ್ಲೂ ಹಾಗೇ ಆಯ್ತು. ನೀವು ಆಗ ಒಳಗೆ ಊಟಕ್ಕೆ ಕೂತಿದ್ರಿ. ಗಾಜು ಮುಚ್ಚಿ ಗಮ್ ಹಾಕ್ಬಿಟ್ಟೆ. ಹೊರಗಿನಿಂದ ಚೆನ್ನಾಗೇ ಕಾಣ್ತಿತ್ತಲ್ಲ.

ಆದ್ರೂ ಬೆಳಕು ಬರ್ತಿತ್ತು. ಬರ್ತಾನೇ ಇರ್ಲಿಲ್ಲ ಅಂತಲ್ಲ. ಗುದ್ದಿದ ಮಾರನೇ ದಿನವೇ ಅವನ್ನ ಬಿಚ್ಚಿ ಗುಜರಿಗೆ ಹಾಕಿ ಹೊಸ ಲೈಟ್ ಹಾಕ್ಸಿದ್ನಲ್ಲ, ಅದು ಒಂದು ಒಡೆದಿತ್ತು ಅಂತ. ಇನ್ನೊಂದು... ಜೋಡಿ ಇರ್ಲಿ ಅಂತ. ಬೇರೇನಿಲ್ಲ.

ಮತ್ತೆ, ನಿಜವಾಗ್ಲೂ ಮಂಕಾಗಿದ್ರೆ ನಿಮಗೇ ಗೊತ್ತಾಗ್ತಿತ್ತಲ್ವಾ? ಅಷ್ಟು ವರ್ಷ ಗಾಡಿ ಓಡಿಸಿದೋರು ನೀವು. ಹೊರಡೋಕೆ ಮುಂಚೆ ನೀವೇ ಕೇಳ್ತಿದ್ರಿ. "ಏನೋ ಇದು, ಲೈಟ್ ಸರಿಯಿಲ್ಲ" ಅಂತಿದ್ರಿ. ಕೇಳಿದ್ರಾ? ನನ್ನನ್ನ ಒಂದ್ ಮಾತಾದ್ರೂ ಕೇಳಿದ್ರಾ?

ಹೇಳಿ ಅಪ್ಪಾಜಿ.

ಕೇಳ್ಲಿಲ್ಲ ಅನ್ನಿ. ಇಲ್ಲ ಅಂತ ತಲೆನಾದ್ರೂ ಆಡಿಸಿ...

...ಕೇಳಿದ್ರಿ.

ಗೇಟಿನ ಹತ್ರ ನಿಂತು ಕೇಳಿದ್ರಿ. ಕಾರ್ ಶೆಡ್ಡಿನ ಒಳಗಿನ ಕತ್ತಲು ಗೋಡೆ ಮೇಲೆ ಲೈಟ್ ಬಿಟ್ಟು, ಇಳಿದು ಬಂದು ನೋಡಿ, "ಕಿರಣಾ, ಸ್ವಲ್ಪ ಮಂಕಾಗಿದ್ಯೇನೋ" ಅಂದ್ರಿ. ನಾನು... "ಲೈಟ್ ಸರಿಯಾಗೇ ಇದೆ, ಮಂಕಾಗಿರೋದು ನಿಮ್ಮ ಕಣ್ಣು, ಹೋಗಿ ತೋರಿಸ್ಕೊಳ್ಳಿ" ಅಂದೆ. ಅಮ್ಮ ಕಾರಲ್ಲಿ ಕೂತು ನಕ್ರು. ನೀವು ಕನ್ನಡಕ ತೆಗೆದು ಒರೆಸ್ಕೊಂಡು, ಇನ್ನೊಂದ್ ಸಲ ಗೋಡೆ ನೋಡಿ, "ಇರಬಹುದು" ಅಂತ ಹತ್ತಿ ಕೂತ್ರಿ.

ಮಂಕಾಗಿತ್ತು ಅಪ್ಪಾಜಿ. ನನಗೆ ಗೊತ್ತಿತ್ತು. ಹಿಂದಿನ ದಿನವೇ ಗೊತ್ತಾಗಿತ್ತು. ಫ್ರೆಂಡ್ಸಿಗೆ ತೋರಿಸೋಕೆ ಮಲ್ಲತ್ತಹಳ್ಳಿ ಕೆರೆ ಕಡೆ ಹೋಗಿದ್ದೆ, ಸೈಕಲ್ಲಲ್ಲಿ ಒಬ್ಬ ಯಜಮಾನ್ರು ಬರ್ತಿದ್ರು, ಬಾನೆಟ್ ಹತ್ರ ಬರೋವರೆಗೂ ನನಗೆ ಕಾಣ್ಲೇ ಇಲ್ಲ. ಕಾಲು ಊರಿ ನಿಂತು "ಲೈಟ್ ಹಾಕ್ಕೊಂಡು ಬಾರಯ್ಯ" ಅಂತ ಬೈದ್ರು. ಲೈಟ್ ಹಾಕೇ ಇದ್ದೆ. ಮನೆಗೆ ಬಂದು ಹೇಳ್ಬೇಕು ಅಂದ್ಕೊಂಡೆ. ಒಳಗೆ ಬಂದ್ರೆ ನೀವು ಫೋನಲ್ಲಿ ಯಾರಿಗೋ ನನ್ನ ಹೊಗಳ್ತಾ ಕೂತಿದ್ರಿ. ಕೀ ಅಲ್ಲೇ ಇಟ್ಟು ಊಟಕ್ಕೆ ಕೂತೆ.

ತೂಕ-ಅಳತೆ ಇನ್‌ಸ್ಪೆಕ್ಟರ್ ಆಗಿ ಸರ್ವಿಸ್ ಪೂರ್ತಿ ಒಬ್ಬ ಅಂಗಡಿಯವನ ಬಾಯಿಮಾತನ್ನೂ ನಂಬಿದವರಲ್ಲ ನೀವು. ನಿಮ್ಮ ತೂಕದ ಕಲ್ಲಿಟ್ಟು ತೂಗಿ ನೋಡಿನೇ ಸೀಲ್ ಹಾಕ್ತಿದ್ರಿ. ನನ್ನ ಮಾತನ್ನ ಮಾತ್ರ ಹಾಗೇ ತಗೊಂಡ್ರಿ. ನಿಮ್ಮ ಕಣ್ಣಿಗೆ ಕಂಡಿದ್ದನ್ನ ಬಿಟ್ಟು ನನ್ನ ಮಾತು ತಗೊಂಡ್ರಿ.

ಬಂದೆ ಸಿಸ್ಟರ್... ಹೌದು, ಸಿದ್ದಬಸಪ್ಪ ಅಂದ್ರೆ ಇವರೇ. ಇಲ್ಲ, ಡ್ರಾಪ್ಸ್ ಹಾಕ್ಬೇಡಿ, ಒಂದ್ ನಿಮಿಷ. ಡಾಕ್ಟರ್ ಹತ್ರ ನಾನು ಮಾತಾಡ್ಬೇಕು. ಇವರು ಹೆದರಿಕೊಂಡಿಲ್ಲ ಸಿಸ್ಟರ್... ಇವರಿಗೆ ರಸ್ತೆ ಕಾಣ್ದೇ ಇದ್ದಿದ್ದು ಕಣ್ಣಿಂದ ಅಲ್ಲ. ನಾನು... ಅದನ್ನ ಡಾಕ್ಟರಿಗೆ ಹೇಳ್ತೀನಿ. ಆಮೇಲೆ ಅಮ್ಮಂಗೂ ಹೇಳ್ತೀನಿ.

ಏಳಿ ಅಪ್ಪಾಜಿ, ಡಾಕ್ಟರ್ ರೂಮಿನ ಹತ್ರ ಕೂತ್ಕೊಳ್ಳೋಣ, ಬನ್ನಿ. ಕಣ್ಣು ಮುಚ್ಚೇ ಇರ್ಲಿ, ನನ್ನ ಕೈ ಹಿಡ್ಕೊಳ್ಳಿ, ಮುಂದೆ ಬೆಂಚಿದೆ... ಅಪ್ಪಾಜಿ, ಬೆಂಚಿದೆ ಅಂದೆ. ಯಾಕೆ ನನ್ನ ಕೈ ಬಿಟ್ಟು, ನೀವೇ ಕೈ ಮುಂದೆ ಚಾಚಿ ತಡಕಾಡ್ತಿದೀರಾ? ನಾನು ಹೇಳ್ತಿದೀನಲ್ಲ, ಎಡಗಡೆಗೆ ದಾರಿ ಇದೆ ಅಂತ...

ಸಿಸ್ಟರ್, ನೀವೇ ಸ್ವಲ್ಪ ಹೇಳ್ತೀರಾ ಅವರಿಗೆ, ದಾರಿ ಎಲ್ಲಿದೆ ಅಂತ?