ಹೊರಗೆ ಚಿಲಕವಿಲ್ಲದ ಬಾಗಿಲು

...ಅಯ್ಯೋ, ಆ ಬಾಗಿಲ ಹತ್ರ ಬೇಡ ಕುಸುಮಮ್ಮಾ! ಇಲ್ಲೇ, ಈ ಜಗಲಿ ಮೇಲೇ ಕೂತ್ಕೊಳ್ಳಿ. ಒಳಗೆ ಏನಿದೆ ಮಹಾ, ಕತ್ತಲೆ, ಬಾವಲಿ ವಾಸನೆ. ಮೊದಲು ಪಾನಕ ಕುಡೀರಿ. ನೀವು ಕುಡಿಯೋವರೆಗೂ ನಾನು ಏನೂ ಕೇಳೋ ಹಾಗಿಲ್ಲ. ಯಾಕೆ ನಗ್ತೀರಿ? ತಮಾಷೆ ಅಲ್ಲ ತಾಯೀ, ನಮ್ಮ ಛತ್ರದ ಕಟ್ಟಳೆ ಅದು. ಬಂದವರ ಗಂಟಲು ಒದ್ದೆಯಾಗೋ ಮುಂಚೆ ಯಾವೂರು, ಯಾವ ಜನ, ಎಲ್ಲಿಗೆ ಹೊರಟ್ರಿ ಅಂತ ಕೇಳಬಾರದು. ನೀವೇ ಹೇಳಿದ್ರಿ, ಮಲ್ಲತ್ತಹಳ್ಳಿ ಕಡೆ ಕಾಲೇಜು, ಹಳೇ ಛತ್ರಗಳ ಮೇಲೆ ಬರೀತೀನಿ ಅಂತ. ಬರ್ಕೊಳ್ಳಿ. ನಮ್ಮಪ್ಪ ಹೇಳಿದ್ದನ್ನ ಹೇಳ್ತೀನಿ, ಈ ಲಿಂಗಪ್ಪ ಕಟ್ಟಿ ಹೇಳಿದ್ದು ಒಂದೂ ಇರಲ್ಲ.

ಅಗೋ, ಮೆಟ್ರೋ ಹೋಯ್ತಲ್ಲ, ಅದರ ಕೆಳಗಿನ ದಾರೀಲೇ ಹಿಂದೆ ವರ್ತಕರು ಎತ್ತಿನ ಬೆನ್ನ ಮೇಲೆ ಹೇರು ಹಾಕ್ಕೊಂಡು ಬರೋರಂತೆ. ಉಪ್ಪು, ವೀಳ್ಯದೆಲೆ, ಸೀರೆ. ಪೇಟೆ ಕೋಟೆಯ ಬಾಗಿಲನ್ನ ಹೊತ್ತು ಮುಳುಗಿದ್ರೆ ಮುಚ್ಚಿಬಿಡೋರು. ತಡವಾದವರೆಲ್ಲ ಇಲ್ಲೇ, ನಮ್ಮ ಕೆಂಗೇರೀಲೇ ತಂಗೋದು. ಆ ಎತ್ತರದ ಕಲ್ಲು ನೋಡಿ, ತಲೆ ಮೇಲಿನ ಹೊರೆ ಇಳಿಸೋಕೆ ಇನ್ನೊಬ್ಬರನ್ನ ಕೂಗೋ ಹಾಗಿರಬಾರದು ಅಂತ ನಿಲ್ಲಿಸಿದ್ದು.

ಆಂ? ಸದ್ದಾ? ಪಾರಿವಾಳ ಬಿಡಿ. ಅಟ್ಟದಲ್ಲಿ ಗೂಡು ಕಟ್ಟಿವೆ.

ಏನು ಹೇಳ್ತಿದ್ದೆ... ವರ್ತಕನಿಗೆ ಯಾರ ಭಯ ಹೆಚ್ಚು ಹೇಳಿ? ಕಳ್ಳರದಾ? ಅಲ್ಲ ತಾಯೀ, ಊಟ ಹಾಕೋ ಯಜಮಾನಂದೇ! ಮಲಗಿದ ಮೇಲೆ ಹೊರಗಿಂದ ಚಿಲಕ ಹಾಕಿ ಸರಕು ದೋಚಿಬಿಟ್ರೆ? ಅದಕ್ಕೇ ನಮ್ಮ ಹಿರೀಕರು ಈ ಬಾಗಿಲಿಗೆ ಹೊರಗಡೆ ಚಿಲಕವನ್ನೇ ಇಡಲಿಲ್ಲ. ಒಳಗಡೆ ಅಗಳಿ, ಅಷ್ಟೇ. ಹಾಕೋದೂ ತೆಗೆಯೋದೂ ಮಲಗಿದವರ ಇಷ್ಟ. ಶಿವನ ಮುಂದೆ ದೀಪ ಹಚ್ಚಿ ಕೊಟ್ಟ ಮಾತು ಅದು. ಬರ್ಕೊಂಡ್ರಾ? ಚೆನ್ನಾಗಿ ಬರ್ಕೊಳ್ಳಿ... ಇವತ್ತಿನವರೆಗೂ...

ಫೋಟೋನಾ? ಬಾಗಿಲದ್ದಾ? ಇವತ್ತು ಬೇಡ. ಇಲ್ಲ, ಬಾಗಿಲಿಗೆ ನೇತುಹಾಕಿರೋ ಆ ಟವೆಲ್ಲು ಹಾಗೇ ಇರಲಿ, ಒದ್ದೆ ಇದೆ, ಒಣಗಲಿ.

ನಮ್ಮನೆಯೋಳಾ? ಶಂಕ್ರವ್ವ ಅಂತ. ಮಗಳ ಮನೆಗೆ ಹೋಗಿದಾಳೆ, ದೀಪಾಂಜಲಿ ನಗರಕ್ಕೆ. ಆಕೆ ಬಡಿಸಿದ್ರೆ ದಾರಿಹೋಕರು ಇನ್ನೊಂದು ದಿನ ಉಳಿಯೋರು. ಈಗ ಪಾಪ ನನ್ನನ್ನೇ ಯಾವೂರಿನೋರು ಅಂತ ಕೇಳ್ತಾಳೆ... ಕೇಳ್ತಿದ್ಲು, ಹೋದ ತಿಂಗಳು. ಇನ್ನೊಂದು ಲೋಟ ಹಾಕ್ಲಾ? ತಗೊಳ್ಳಿ, ಏಲಕ್ಕಿ ಹಾಕಿದೀನಿ...

ಪಾರಿವಾಳ ಅಂದೆನಲ್ಲಾ! ಯಾಕೆ ಎದ್ರಿ? ಕೂತ್ಕೊಳ್ಳಿ! ಅಯ್ಯೋ, ಟವೆಲ್ಲು... ಒಳಗಿಂದ ಅಷ್ಟು ಜೋರಾಗಿ ಬಡಿದ್ರೆ ಬೀಳದೆ ಇನ್ನೇನು.

ಹೌದು. ಪಾರಿವಾಳ ಮಾತಾಡಲ್ಲ. "ಯಜಮಾನ್ರೇ, ಬಾಗ್ಲು ತೆಗೀರಿ, ದಾರಿ ದೂರ ಇದೆ" ಅನ್ನಲ್ಲ. ಕೇಳಿಸ್ತಲ್ಲ, ಅವಳೇ. ತಾನೇ ದಾರಿಹೋಕಳು ಅಂದ್ಕೊಂಡಿದಾಳೆ, ನಾನು ಛತ್ರದ ಯಜಮಾನ. ರಾತ್ರಿ ನಾನು ಮಲಗಿದ್ದಾಗ ಎದ್ದು ಹೋಗಿ, ಸೀರೇಲಿ ಗಂಟು ಕಟ್ಕೊಂಡು ಮೈಸೂರು ರೋಡಿನ ನಟ್ಟನಡುವೆ ನಿಂತಿದ್ಲು, ತಾಯೀ! ಲಾರಿಯವನು ಬ್ರೇಕ್ ಹಾಕದೇ ಹೋಗಿದ್ರೆ... ನಾನಾದ್ರೂ ಏನ್ಮಾಡ್ಲಿ? ನಿದ್ದೆ ಬರುತ್ತೆ ನನಗೂ. ಬಡಗಿ ಒಪ್ಪಲಿಲ್ಲ, ಈ ಬಾಗಿಲಿಗೆ ಮೊಳೆ ಹೊಡೆಯಲ್ಲ ಅಂತ ಎದ್ದು ಹೋದ. ಚಿಲಕ ನಾನೇ ಜಡಿದೆ. ಬೀಗದ ಕೈ ಉಡಿದಾರದಲ್ಲಿದೆ.

ಯಾಕೆ ಬರೆಯೋದು ನಿಲ್ಲಿಸಿದ್ರಿ? ಬಯ್ಯಿರಿ ಬೇಕಾದ್ರೆ. ಹೀಗೆ ಬೀಗಾನೇ ನೋಡ್ತಾ ನಿಲ್ಲಬೇಡಿ... ಕೇಳಬಾರದು ಅನ್ನೋ ಕಟ್ಟಳೆ ನಮಗೆ ತಾಯೀ, ಬಂದವರಿಗಲ್ಲ. ಕೇಳಿ. ಲಿಂಗಪ್ಪಾ, ಇದೇನು ಮಾಡಿದೆ ಅಂತ ಒಂದು ಮಾತು ಕೇಳಿಬಿಡಿ!