ಕೆರೆಯ ಕೂಗಿಗೆ ವಾಪಸ್ ಕೂಗಿದ್ದು

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಗಂಟಲು ಹರ್ಕೊಂಡು ಹೇಳೋ ಸಂಗತಿ ಅಲ್ಲ ಇದು. ಪಕ್ಕದ ಮನೇಲೇ ನಡೆದದ್ದು, ನಮ್ಮ ಗೋಡೆ ಆಚೆ... ನಂಬೋದು ಬಿಡೋದು ನಿಮ್ಮಿಷ್ಟ. ಮಧ್ಯದಲ್ಲಿ ನಗಬೇಡಿ ಅಷ್ಟೆ.

ಅವತ್ತು ನಮ್ಮ ಕಿವಿಯಪ್ಪ ಕೆರೆ ಕಡೆಯಿಂದ ಒಬ್ಬನೇ ಬರ್ತಿದ್ದ. ಹೊತ್ತು ಮೀರಿತ್ತು. ಹಾಳುಬಾವಿ ಪಕ್ಕದ ಕಾಲುದಾರಿ. ಕಿವಿಯಪ್ಪ ಅಂದ್ರೆ ಆ ಪಕ್ಕದ ಮನೆಯವನೇ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಯಾರಿಗೆ ನೆನಪಿದೆ? ಮೂರು ಹೊತ್ತೂ ಕಿವಿಗೆ ದಪ್ಪ ಹೆಡ್‌ಫೋನ್ ಸಿಗಿಸ್ಕೊಂಡಿರ್ತಾನಲ್ಲ, ಅದಕ್ಕೆ ನಾನೇ ಇಟ್ಟ ಹೆಸರು. ಹೆಂಡ್ತಿ ಕರೆದ್ರೆ ಕೇಳಲ್ಲ, ಕಪ್ಪೆ ಕೆಮ್ಮಿದ್ರೆ ಕೇಳುತ್ತೆ.

ಅವನ ಕೆಲಸ ಅಂಥದ್ದು. ಕೆರೆ ಸುತ್ತ ಹಕ್ಕಿ ನೋಡೋಕೆ ದಾರಿ ಮಾಡಿದಾರಲ್ಲ, ಅಲ್ಲಲ್ಲಿ ನಂಬರ್ ಬರೆದ ಕಂಬ. ಬಂದವರ ಕೈಗೆ ಒಂದು ಪುಟ್ಟ ಯಂತ್ರ ಕೊಡ್ತಾರೆ. ಕಂಬದ ಹತ್ರ ನಿಂತು ಆ ನಂಬರ್ ಒತ್ತಿದ್ರೆ ಇವನ ದನಿ ಮಾತಾಡುತ್ತೆ. "ಸದ್ದು ಮಾಡದೆ ಮುಂದೆ ಬನ್ನಿ. ಇಲ್ಲಿ ನಿಲ್ಲಿ. ಈಗ ಕೇಳಿ." ಆಮೇಲೆ ಹಕ್ಕಿ ಕೂಗು. ಎಲ್ಲಾ ಇವನೇ ಹಿಡಿದು ತಂದದ್ದು. ಮನೇಲಿ ಬಾಯಿ ಬಿಟ್ರೆ ಮುಳ್ಳು, ಯಂತ್ರದಲ್ಲಿ ಮಾತ್ರ ಜೇನು. ಅವನ ಮಗಳು ಪುಟ್ಟಿಗೆ, ಇನ್ನೂ ಸ್ಕೂಲಿಗೆ ಸೇರಿಲ್ಲ, ಆ ದನಿ ಹಾಕಿದ್ರೇನೇ ನಿದ್ದೆ. ಮುಂದೆ ಬನ್ನಿ ಅಂದ್ರೆ ಹಾಸಿಗೆ ಮೇಲೇ ಮುಂದೆ ಹೋಗೋದು, ನಿಲ್ಲಿ ಅಂದ್ರೆ ನಿಲ್ಲೋದು. ಅಪ್ಪ ಮಗಳ ಆಟ.

ಕೊನೇ ಕಂಬದ ಹತ್ರ ಅವನಿಗೆ ಒಂದು ಕೂಗು ಸಿಕ್ಕಿತ್ತು. ಟಕ್... ಟಕ್... ನಾಲಗೆ ಅಂಗುಳಕ್ಕೆ ಹೊಡೆದ ಹಾಗೆ. ಆಮೇಲೆ ಭೂಂ... ಖಾಲಿ ಕೊಡಕ್ಕೆ ಬಾಯಿಟ್ಟು ಉಸಿರು ಬಿಟ್ಟ ಹಾಗೆ. ಯಾವ ಹಕ್ಕಿದು? ಗೊತ್ತಿಲ್ಲ. ಕೆಲಸ ಕಲಿಸಿದ ಹಕ್ಕಿ ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ. ಅವರು ಒಂದೇ ಮಾತು ಹೇಳಿದ್ರಂತೆ.

"ಯಾರದ್ದು ಅಂತ ಗೊತ್ತಿಲ್ಲದ ಕೂಗನ್ನ ಅದರ ಜಾಗದಲ್ಲೇ ಸ್ಪೀಕರಲ್ಲಿ ಹಾಕಬೇಡ ಕಣಯ್ಯ. ತನ್ನ ಜಾಗಕ್ಕೆ ಇನ್ಯಾರೋ ಬಂದ್ರು ಅಂತ ಹುಡುಕ್ಕೊಂಡು ಬರುತ್ತೆ."

"ಬಂದ್ರೆ ತಾನೇ ಸರ್, ಯಾರು ಅಂತ ಗೊತ್ತಾಗೋದು?"

ಹೇಳಿದ ಮಾತು ಕೇಳಿದ್ರೆ ಅವನು ಕಿವಿಯಪ್ಪ ಹೇಗಾಗ್ತಾನೆ.

ಅವತ್ತು ರಾತ್ರಿ ಹಾಕಿದ. ಸ್ಪೀಕರ್ ಕೂಗ್ತು. ಸ್ವಲ್ಪ ಹೊತ್ತು ಏನಿಲ್ಲ... ಆಮೇಲೆ ಆಚೆ ದಡದಿಂದ ಟಕ್, ಟಕ್, ಭೂಂ. ಹಿಗ್ಗಿ ಹೋದ ಮಹಾರಾಯ. ಮತ್ತೆ ಹಾಕಿದ. ಈ ಸಲ ನೀರಿನ ನಡುವಿಂದ ಬಂತು. ಸ್ಪೀಕರಲ್ಲಿ ಹಾಕಿದ ಕೂಗಿನ ಬೆನ್ನಿಗೇ, ಕಂಬಕ್ಕೆ ಅಂತ ಹೇಳಿಟ್ಟ ಅವನ ಮಾತೂ ರೆಕಾರ್ಡಾಗಿತ್ತು. ಜಾಗದಲ್ಲಿ ಹೇಗೆ ಕೇಳ್ಸುತ್ತೆ ನೋಡೋಣ ಅಂತ ಅದನ್ನೂ ಓಡೋಕೆ ಬಿಟ್ಟ. ಮುಂದೆ ಬನ್ನಿ... ಇಲ್ಲಿ ನಿಲ್ಲಿ... ಈಗ ಕೇಳಿ... ಪೂರ್ತಿ ಮುಗೀತು.

ಕಪ್ಪೆಗಳು ನಿಂತ್ವು. ಒಂದೊಂದಾಗಿ ಅಲ್ಲ. ಎಲ್ಲಾ ಒಟ್ಟಿಗೆ, ಸ್ವಿಚ್ ಆರಿಸಿದ ಹಾಗೆ.

ಸಾಮಾನು ಬ್ಯಾಗಿಗೆ ತುರ್ಕ್ಕೊಂಡು ಹೊರಟ. ಬಾವಿ ಹತ್ರ ಬಂದಾಗ ಅದರೊಳಗಿಂದ... ಭೂಂ. ಬಗ್ಗಿ ನೋಡ್ಲಿಲ್ಲ, ಅಷ್ಟು ಬುದ್ಧಿ ಇತ್ತು. ನಡೆದ. ಅವನ ಚಪ್ಪಲಿ ಮಾತ್ರ ಚರ್ ಚರ್. ಹಿಂದೆ ಹೆಜ್ಜೆ ಸದ್ದಿಲ್ಲ, ಎಲೆ ಸದ್ದಿಲ್ಲ. ಬರೀ ಆ ನಾಲಗೆ. ಟಕ್. ನಿಂತ್ರೆ ನಿಲ್ಲುತ್ತೆ, ನಡೆದ್ರೆ... ಟಕ್.

ಮನೆಗೆ ಬಂದವನೇ ಮುಂಬಾಗಿಲ ಅಗುಳಿ ಹಾಕಿದ.

"ಯಾಕ್ರೀ ಮುಖ ಸುಣ್ಣ ಆಗಿದೆ? ಗೂಬೆ ಏನಾದ್ರೂ ಬೈತಾ?" ಅಂದ್ಲು ಹೆಂಡ್ತಿ.

"ಮೆತ್ತಗೆ ಮಾತಾಡು."

"ನನ್ನ ಮನೇಲಿ ನಾನು..."

"ಮೆತ್ತಗೆ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಮದುವೆಯಾದಾಗಿಂದ ಆ ಗಂಡಸಿನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಅವಳು ದೀಪ ಆರಿಸಿದ್ಲು. ಮಗು ಗೋಡೆ ಪಕ್ಕದ ಪುಟ್ಟ ಮಂಚದಲ್ಲಿ ನಿದ್ದೆ ಹೋಗಿತ್ತು.

ಎಷ್ಟೊತ್ತಿಗೋ ಅವಳಿಗೆ ಎಚ್ಚರ ಆಯ್ತು. ಹಿತ್ತಲ ಬಾಗಿಲ ಆಚೆ ಗಂಡ ಮಾತಾಡ್ತಿದಾನೆ. ಜೇನಿನ ದನಿ. "ಸದ್ದು ಮಾಡದೆ ಮುಂದೆ ಬನ್ನಿ." ಈ ಮನುಷ್ಯನಿಗೆ ಹೊತ್ತುಗೊತ್ತು ಬೇಡ್ವಾ ಅಂತ ಬೈಯೋಕೆ ಬಾಯಿ ತೆಗೆದ್ಲು... ಕೈಗೆ ತೋಳು ತಗುಲ್ತು. ಗಂಡ ಪಕ್ಕದಲ್ಲೇ ಇದಾನೆ. ಕಣ್ಣು ಬಿಟ್ಕೊಂಡು, ಬೆವರಲ್ಲಿ ತೊಯ್ದು.

"ಯಂತ್ರ ಆರಿಸಿಲ್ವಾ?"

"ಅದರ ಬ್ಯಾಟರಿ ನನ್ನ ಕೈಲಿದೆ."

ಕಿರ್... ಹಿತ್ತಲ ಬಾಗಿಲು. ಅದರ ಚಿಲಕ ಕೆಳಗಡೆ ಇರೋದು, ಮಕ್ಕಳ ಕೈಗೆಟುಕೋ ಹಾಗೆ. ಇಬ್ಬರೂ ಪುಟ್ಟ ಮಂಚದ ಕಡೆ ತಿರುಗಿದ್ರು. ಹೊದಿಕೆ ಇದೆ. ಮಗು ಇಲ್ಲ.

ಬಿದ್ದೂ ಎದ್ದೂ ಓಡಿದ್ರು. ಮಂಕು ಬೆಳದಿಂಗಳು. ಪುಟ್ಟಿ ಹುಲ್ಲಲ್ಲಿ ನೆಟ್ಟಗೆ ನಡ್ಕೊಂಡು ಹೋಗ್ತಿದಾಳೆ, ಬೇಲಿ ಕಡೆ. ಅಲ್ಲಿ ಬರೀ ಕತ್ತಲು. ಕತ್ತಲೊಳಗಿಂದ... "ಮುಂದೆ ಬನ್ನಿ."

"ಪುಟ್ಟೀ... ಬಾ ಕಂದ. ಅಪ್ಪ ಇಲ್ಲಿದೀನಿ."

ಮಗು ನಿಂತ್ಲು. ಹಿಂದೆ ಅಪ್ಪ, ಮುಂದೆ ಅಪ್ಪ. ಹಿಂದಿನದು ನಡುಗ್ತಿದೆ, ಒಡೆದ ಕೊಳಲಿನ ಹಾಗೆ. ಮುಂದಿನದು ದಿನಾ ಕೇಳಿ ನಿದ್ದೆ ಹೋಗೋ ದನಿ. ನೀವೇ ಹೇಳಿ, ಮಗು ಯಾವುದನ್ನ ನಂಬುತ್ತೆ? ಮುಂದಕ್ಕೇ ಕಾಲೆತ್ತಿದ್ಲು.

"ಇಲ್ಲಿ ನಿಲ್ಲಿ," ಅಂತು ಕತ್ತಲು.

ಅದು ಮಗುಗೆ ಹೇಳಿದ್ದಲ್ಲ. ಗಂಡ ಹೆಂಡ್ತಿ ಇಬ್ಬರ ಕಾಲೂ ಅಲ್ಲೇ ನಿಂತ್ವು, ಮಣ್ಣಲ್ಲಿ ಹೂತ ಹಾಗೆ. ಕಿವಿಯಪ್ಪ ಈಗ್ಲೂ ಅಂತಾನೆ, ನನ್ನ ದನೀಲೇ ನಿಲ್ಲಿ ಅಂತು ಅಕ್ಕಾ, ನಿಂತ್ಬಿಟ್ಟೆ ಅಂತ.

ಹೆಂಡ್ತಿಗೆ ಕಾಲು ಏಳದಿದ್ರೇನು, ಬಾಯಿ ಇತ್ತಲ್ಲ. ದೇವರ ಹೆಸರು ಬರ್ಲಿಲ್ಲ, ಮಂತ್ರ ಬರ್ಲಿಲ್ಲ. ದಿನಾ ಬರೋದೇ ಬಂತು.

"ಏ ಕತ್ತೆ. ಬರಿಗಾಲಲ್ಲಿ ಎಲ್ಲಿಗೇ ಹೊರಟೆ? ಬಂದು ಚಪ್ಪಲಿ ಹಾಕ್ಕೊಂಡು ಹೋಗು."

ಪುಟ್ಟಿ ತಿರುಗಿದ್ಲು. ತುಟಿ ಉಬ್ಬಿಸ್ಕೊಂಡು, ಕಾಲೆಳೀತಾ ಚಪ್ಪಲಿಗೆ ಅಂತ ವಾಪಸ್ ಬಂದ್ಲು. ಕೈಗೆ ಸಿಕ್ಕಿದ್ದೇ ಬಾಚಿ ಎತ್ಕೊಂಡ್ಲು ಅಮ್ಮ. ಆಗ ಕಾಲು ಬಂತು. ಒಳಗೆ ಹೋಗಿ ಬಾಗಿಲಿಗೆ ರುಬ್ಬೋ ಕಲ್ಲಿನ ಗುಂಡು ಇಟ್ಟು ಬೆಳಗಾಗೋ ತನಕ ಅದಕ್ಕೇ ಒರಗಿ ಕೂತ್ರು. ಬೇಲಿ ಹತ್ರ ಟಕ್... ಟಕ್... ಆಮೇಲೆ ಅದೂ ಇಲ್ಲ.

ಆ ಬೈಗುಳ ಗೋಡೆ ಆಚೆ ನಂಗೂ ಕೇಳಿಸ್ತು. ಈ ಹೊತ್ತಲ್ಲೂ ಜಗಳವಾ ಇವರದು ಅಂತ ಮಗ್ಗಲು ಬದಲಿಸಿದ್ದೆ.

ಬೆಳಿಗ್ಗೆ ಅವಳು ಬಂದು ಎಲ್ಲಾ ಹೇಳಿದ್ಲು. ಕೇಳಿ ಸುಮ್ಮನಿರೋಳಾ ನಾನು? ಬಿಸಿಲು ಬರೋಕೆ ಮುಂಚೆ ಹೋಗಿ ನೋಡಿದೆ. ಬೇಲಿ ಪಕ್ಕ ಹುಲ್ಲು ದುಂಡಗೆ ಒರಗಿತ್ತು. ಒಬ್ಬರು ಕೂತ ಹಾಗಲ್ಲ... ತುಂಬಾ ಜನ, ಒಬ್ಬರ ಪಕ್ಕ ಒಬ್ಬರು, ಸುತ್ತಲೂ ಕೂತು ಎದ್ದುಹೋದ ಹಾಗೆ. ಅದರಲ್ಲಿ ಒಂದು ಕಡೆ, ಇಬ್ಬರ ನಡುವೆ, ಇಷ್ಟೇ ಇಷ್ಟು ಜಾಗದ ಹುಲ್ಲು ನೆಟ್ಟಗೆ ನಿಂತಿತ್ತು. ಒಂದು ಮಗು ಕೂರೋವಷ್ಟು.

ಯಾರೋ ಹೇಳಿದ್ದಲ್ಲ ಇದು. ನಾನು ಬಗ್ಗಿ, ಈ ಕೈಯಲ್ಲೇ ಮುಟ್ಟಿ ನೋಡಿದೀನಿ. ಅಷ್ಟು ಜಾಗದ ಮೇಲೆ ಮಾತ್ರ ಇಬ್ಬನಿ ಹಾಗೇ ಇತ್ತು.