ಪದ್ಮಜಾ ಕೇಳಿದ ಪಾಲು

ಚಳ್ಳಕೆರೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಇಬ್ಬರು ಹೆಂಗಸರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ವಿಭೂತಿ ಹಚ್ಚಿಕೊಂಡಿದ್ದವರು ಪರಶುರಾಂಪುರದವರು. ಸ್ಟೀಲಿನ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡವರು ಮೊಳಕಾಲ್ಮೂರಿನ ಬಸ್ಸಿನಿಂದ ಆಗಷ್ಟೇ ಇಳಿದಿದ್ದರು. ಕೇಳಬೇಕೆಂದು ನಾನೇನೂ ಕೂತಿರಲಿಲ್ಲ, ಕೇಳಿಸಿತು.

“ನೀವೊಬ್ರೇ ಬರಬಾರ್ದು ಅಂತ ಕರ್ಕೊಂಡು ಹೋಗಾಕೆ ಬಂದೆ, ಬೀಗ್ರೇ.”

“ಮಗಳು ಇದ್ದಾಗ ಯಾರೂ ಕರೀಲಿಲ್ಲ.”

“ಕರೀಲಿಲ್ಲ. ನಮ್ಮೋರಿಗೆ ಜಾತಿ ಅಡ್ಡ ಬಂತು.”

“ನಮ್ಮೋರಿಗೂ ಬಂತು ಬಿಡ್ರಿ.”

ಪರಶುರಾಂಪುರದವರು ಕ್ಯಾನಿನತ್ತ ನೋಡಿದರು.

“ಕ್ಯಾನಿನಾಗೆ ಹಾಲಾ?”

“ಹೂಂ. ಅವಳು ಮಣ್ಣಾಗಿ ಇವತ್ತಿಗೆ ಮೂರನೇ ದಿನ ಅಲ್ವಾ, ಹಾಲುತುಪ್ಪಕ್ಕೆ ತಂದೆ. ಸಮಾಧಿಗೆ ನಮ್ಮನೆ ಹಾಲು ಬಿಡಾಕೆ ನಿಮ್ಮೋರು ಒಪ್ತಾರೋ ಇಲ್ವೋ.”

“ಪದ್ಮಜಾ ಮದುವೆಯಾಗಿ ಬಂದ ಮಾರನೇ ದಿನ ಏನಂದ್ಲು ಗೊತ್ತಾ? ‘ಅತ್ತೆ, ಪಾಲು ಎಲ್ಲೈತೆ?’ ಅಂದ್ಲು. ನಮ್ಮ ಯಜಮಾನ್ರು ಹೊಲದ ಪತ್ರ ಟ್ರಂಕಿಗೆ ಹಾಕಿ ಬೀಗ ಜಡಿದ್ರು.”

“ಅಯ್ಯೋ, ಫೋನಿನಾಗೆ ಹೇಳಿದ್ಲು! ಟೀಗೆ ಹಾಲು ಕೇಳಿದ್ದಂತೆ, ಪಾಪ. ತೆಲುಗಿನಾಗೆ ಹಾಲಿಗೆ ಪಾಲು ಅಂತೀವಲ್ಲ.”

“ನನಗೇನು ಗೊತ್ತು? ‘ಬಂದು ಒಂದಿನ ಆಗಿಲ್ಲ, ಆಗ್ಲೇ ಪಾಲಾ?’ ಅಂತ ಬೈದೆ. ‘ಅರ್ಧ ಲೋಟ ಸಾಕು ಅತ್ತೆ’ ಅಂದ್ಲು.”

ಇಬ್ಬರೂ ಜೋರಾಗಿ ನಕ್ಕರು. ಮೊಳಕಾಲ್ಮೂರಿನವರ ನಗು ಮಧ್ಯದಲ್ಲೇ ಅಳುವಾಯಿತು, ಕ್ಯಾನು ಅಲುಗಿತು. ಪರಶುರಾಂಪುರದವರು ಹತ್ತಿರ ಸರಿದು ಕ್ಯಾನಿಗೆ ತಾವೂ ಕೈ ಕೊಟ್ಟರು.

ಪರಶುರಾಂಪುರದ ಬಸ್ಸು ಬಂತು.

“ಏಳ್ರಿ. ಯಾರು ಏನಾದ್ರೂ ಅನ್ಲಿ, ಅವಳ ಪಾಲು ಅವಳಿಗೆ ಕೊಟ್ಟು ಬರಾನ.”